ರಿಮೋಟ್ ಮ್ಯಾನೇಜ್‌ಮೆಂಟ್ ಕಾರ್ಡ್ ಹಾಕಿದ ಮೇಲೂ ಪೇಜ್ ತೆರೆಯದಿದ್ದರೆ

ಸರ್ವರನ್ನು ದೂರದಿಂದ ನೋಡಿಕೊಳ್ಳಲು ಹಾಕುವ ಕಾರ್ಡ್ ಜಾಗಕ್ಕೆ ಕೂತಿದೆ. ಸರ್ವರ್ ಆನ್ ಆಗಿದೆ. ಕಾರ್ಡ್‌ನ ಪೋರ್ಟ್‌ನಲ್ಲಿ ಹಸಿರು ಲೈಟ್ ಕೂಡ ಹತ್ತಿದೆ. ಆದರೆ ಬ್ರೌಸರ್‌ನಲ್ಲಿ ಕಾರ್ಡ್‌ನ ಅಡ್ರೆಸ್ ಹಾಕಿದರೆ ಚಕ್ರ ಸುತ್ತುತ್ತಲೇ ಇರುತ್ತದೆ, ಪೇಜ್ ಮಾತ್ರ ಬರುವುದಿಲ್ಲ.

ಮೊದಲ ಸಲ ಹೀಗಾದಾಗ ನಾನು ಅರ್ಧ ದಿನ ಗುದ್ದಾಡಿದೆ. ಆಮೇಲೆ "ಕಾರ್ಡ್ ಡೆಡ್" ಅಂತ ಬರೆದು ವಾಪಸ್ ಕಳಿಸಿಬಿಟ್ಟೆ. ಕೆಲವು ದಿನಕ್ಕೆ ಅದೇ ಕಾರ್ಡ್ ತಿರುಗಿ ಬಂತು. ಜತೆಗೊಂದು ಚೀಟಿ: "ಟೆಸ್ಟ್ ಮಾಡಿದ್ದೇವೆ, ಸರಿಯಾಗಿದೆ." ಅವರು ಬರೆದದ್ದು ನಿಜವೇ ಆಗಿತ್ತು. ಕಾರ್ಡ್ ಮೊದಲ ನಿಮಿಷದಿಂದಲೂ ಜೀವಂತ ಇತ್ತು, ನಾನು ಬಾಗಿಲು ತಟ್ಟುತ್ತಿದ್ದದ್ದು ಬೇರೆ ಮನೆಯದ್ದು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಈ ಕಾರ್ಡನ್ನು ಸೌಂಡ್ ಕಾರ್ಡ್, ನೆಟ್‌ವರ್ಕ್ ಕಾರ್ಡ್‌ಗಳ ಸಾಲಿಗೆ ಸೇರಿಸಬೇಡಿ. ಸರ್ವರ್ ಹೊಟ್ಟೆಯೊಳಗೆ ಕೂತ ಇನ್ನೊಂದು ಪುಟ್ಟ ಕಂಪ್ಯೂಟರ್ ಅಂದುಕೊಳ್ಳಿ. ಇದಕ್ಕೆ ತನ್ನದೇ ಪ್ರೊಸೆಸರ್ ಇದೆ, ತನ್ನದೇ ಸಾಫ್ಟ್‌ವೇರ್ ಇದೆ, ಬೇರೆ ಮ್ಯಾಕ್ ಅಡ್ರೆಸ್ (ಪೋರ್ಟ್‌ಗೆ ಫ್ಯಾಕ್ಟರಿಯಲ್ಲೇ ಕೊಟ್ಟ ಗುರುತಿನ ನಂಬರ್), ಬೇರೆ ಐಪಿ (ನೆಟ್‌ವರ್ಕ್‌ನಲ್ಲಿನ ವಿಳಾಸ), ಬೇರೆ ಪಾಸ್‌ವರ್ಡ್ ಇದೆ. ಇದರ ಮಿದುಳಿಗೆ ಬಿಎಂಸಿ ಅನ್ನುತ್ತಾರೆ. ಡೆಲ್‌ನವರು ಐಡ್ರ್ಯಾಕ್ ಅಂತ ಕರೆದರು, ಎಚ್‌ಪಿಯವರು ಐಎಲ್‌ಒ ಅಂದರು, ಇಂಟೆಲ್‌ನವರು ಆರ್‌ಎಂಎಂ ಅಂದರು. ಸೂಪರ್‌ಮೈಕ್ರೋ ಬಳಸುವವರು ಸುಮ್ನೆ ಐಪಿಎಂಐ ಅಂದುಬಿಡುತ್ತಾರೆ. ಐಪಿಎಂಐ ಅನ್ನುವುದು ನಿಜಕ್ಕೂ ಇವರೆಲ್ಲ ಆಡುವ ಭಾಷೆಯ ಹೆಸರು. 1998ರಲ್ಲಿ ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ ಅದನ್ನು ಹೊರತಂದರು. 2004ರಲ್ಲಿ 2.0 ಬಂತು. ಹಾಗಾಗಿ ಕಂಪನಿ ಯಾವುದೇ ಇರಲಿ, ತಪ್ಪು ಹುಡುಕುವ ದಾರಿ ಹೆಚ್ಚುಕಡಿಮೆ ಒಂದೇ.

ಆ ದಾರಿ ಇಷ್ಟು: ಮೊದಲು ಕಾರ್ಡ್‌ಗೆ ಕರೆಂಟ್ ಇದೆಯಾ, ಆಮೇಲೆ ಸರ್ವರ್‌ಗೆ ಕಾರ್ಡ್ ಕಾಣುತ್ತಿದೆಯಾ, ಆಮೇಲೆ ನೆಟ್‌ವರ್ಕ್, ಆಮೇಲೆ ಲಾಗಿನ್, ಕೊನೆಗೆ ರಿಮೋಟ್ ಸ್ಕ್ರೀನ್, ಅಂದರೆ ಸರ್ವರ್‌ನ ಪರದೆಯನ್ನು ದೂರದಿಂದ ನೋಡುವುದು. ಬ್ರೌಸರ್‌ನಿಂದ ಶುರು ಮಾಡಿದರೆ ಈ ಐದರಲ್ಲಿ ಯಾವುದು ಕೈಕೊಟ್ಟಿದೆ ಅಂತ ಗೊತ್ತೇ ಆಗುವುದಿಲ್ಲ.

ಕರೆಂಟ್ ಮತ್ತು ಕೂರಿಸಿದ ರೀತಿ

ಸರ್ವರ್ ಶಟ್‌ಡೌನ್ ಮಾಡಿದರೂ ಈ ಕಾರ್ಡ್ ಆಫ್ ಆಗುವುದಿಲ್ಲ. ಗೋಡೆಯಿಂದ ಕರೆಂಟ್ ಬರುತ್ತಿರುವಷ್ಟು ಹೊತ್ತೂ ಪವರ್ ಸಪ್ಲೈ ಇದಕ್ಕೆ ಸ್ಟ್ಯಾಂಡ್‌ಬೈ ಕರೆಂಟ್ ಕೊಡುತ್ತಲೇ ಇರುತ್ತದೆ. ಆಫ್ ಆದ ಸರ್ವರನ್ನು ದೂರದಿಂದ ಆನ್ ಮಾಡಲು ಆಗುವುದು ಇದರಿಂದಲೇ ಅಲ್ವಾ. ಹಾಗಾಗಿ ಕಾರ್ಡ್ ಹಾಕುವ ಅಥವಾ ಕೀಳುವ ಮುಂಚೆ ಪವರ್ ಕೇಬಲ್‌ಗಳನ್ನು ಪೂರ್ತಿ ಎಳೆಯಬೇಕು. ಎರಡು ಪವರ್ ಸಪ್ಲೈ ಇರುವ ಸರ್ವರ್‌ನಲ್ಲಿ ಒಂದನ್ನು ಎಳೆದು ಇನ್ನೊಂದನ್ನು ಮರೆಯುವವರು ಇದ್ದಾರೆ. ಎರಡೂ ಎಳೆದ ಮೇಲೆ ಮುಂದಿನ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಇಳಿದು ಮದರ್‌ಬೋರ್ಡ್ ಮೇಲಿನ ಸಣ್ಣ ಲೈಟ್ ಆರಿಹೋಗುತ್ತದೆ. ಅದು ಆರುವ ತನಕ ಕೈ ಹಾಕಬೇಡಿ. ರಿಸ್ಟ್ ಸ್ಟ್ರಾಪ್ ಇದ್ದರೆ ಕಟ್ಟಿಕೊಳ್ಳಿ. ಇಲ್ಲದಿದ್ದರೆ ಬಣ್ಣ ಇಲ್ಲದ ಲೋಹದ ಭಾಗವನ್ನು ಮುಟ್ಟಿ ಶುರು ಮಾಡಿ.

ಇನ್ನು ಕೂರಿಸುವುದು. ಇಂಥ ಬಹಳಷ್ಟು ಕಾರ್ಡ್‌ಗಳು ಮಾಮೂಲಿ ಪಿಸಿಐ ಸ್ಲಾಟ್‌ಗೆ ಹೋಗುವುದಿಲ್ಲ, ಅವಕ್ಕೇ ಮಾಡಿದ ಚಿಕ್ಕ ಕನೆಕ್ಟರ್ ಇರುತ್ತದೆ. ಒತ್ತಿದಾಗ ಒಂದು ಕಡೆ ಟಕ್ ಅಂದು, ಇನ್ನೊಂದು ಕಡೆ ಒಂದು ಮಿಲಿಮೀಟರ್ ಮೇಲೇ ಉಳಿಯುವುದು ಮಾಮೂಲು. ಮೇಲಿನಿಂದ ನೋಡಿದರೆ ತಿಳಿಯಲ್ಲ. ಪಕ್ಕದಿಂದ ಟಾರ್ಚ್ ಬಿಟ್ಟು, ಕಾರ್ಡ್ ಬೋರ್ಡ್‌ಗೆ ಸಮಾನಾಂತರವಾಗಿ ಕೂತಿದೆಯಾ ನೋಡಿ.

ಮಾಡೆಲ್‌ಗೊಂದು ಕೊಂಕು ಇದ್ದೇ ಇರುತ್ತದೆ. ಡೆಲ್‌ನ ಹಳೆಯ ಡ್ರ್ಯಾಕ್ 5ಕ್ಕೆ ಕಾರ್ಡ್ ಕೂರಿಸಿದರೆ ಸಾಲದು, ಮದರ್‌ಬೋರ್ಡ್‌ಗೆ ಎರಡು ಪಟ್ಟಿ ಕೇಬಲ್ ಕೂಡ ಹಾಕಬೇಕು. ಡೆಲ್‌ನ ಆರ್710 ಸರ್ವರ್ ಕಾಲದ ಐಡ್ರ್ಯಾಕ್ 6ರಲ್ಲಿ ಎಕ್ಸ್‌ಪ್ರೆಸ್, ಎಂಟರ್‌ಪ್ರೈಸ್ ಅಂತ ಎರಡು ಕಾರ್ಡ್. ದೊಡ್ಡದು ಬಂತಲ್ಲ ಅಂತ ಚಿಕ್ಕದನ್ನು ಕಿತ್ತು ಎತ್ತಿಟ್ಟರೆ ಕೆಲಸ ಕೆಟ್ಟಿತು. ಎಂಟರ್‌ಪ್ರೈಸ್ ನಡೆಯಲು ಎಕ್ಸ್‌ಪ್ರೆಸ್ ಜಾಗದಲ್ಲೇ ಇರಬೇಕು. ಇಂಟೆಲ್ ಆರ್‌ಎಂಎಂ 4 ಕೂಡ ಎರಡು ತುಂಡು: ಒಂದು ನೆಟ್‌ವರ್ಕ್ ಪೋರ್ಟ್ ಕೊಡುತ್ತದೆ, ಉಗುರಿನಷ್ಟಿರುವ ಇನ್ನೊಂದು ರಿಮೋಟ್ ಸ್ಕ್ರೀನ್ ಸೌಲಭ್ಯ ತೆರೆಯುತ್ತದೆ. ಪೇಜ್ ಬಂದು ಸ್ಕ್ರೀನ್ ಮೆನು ಮಾತ್ರ ಬರದಿದ್ದರೆ ಆ ಉಗುರಿನ ತುಂಡನ್ನು ನೋಡಿ.

ಮುಚ್ಚಳ ಹಾಕುವ ಮುಂಚೆ ಕಾರ್ಡ್ ಮೇಲಿನ ಸ್ಟಿಕರ್‌ನ ಫೋಟೋ ತೆಗೆದುಕೊಳ್ಳಿ. ಮ್ಯಾಕ್ ಅಡ್ರೆಸ್ ಆಮೇಲೆ ಬೇಕೇ ಬೇಕಾಗುತ್ತದೆ.

ಕೇಬಲ್ ವಾಪಸ್ ಹಾಕಿದ ಮೇಲೆ ಒಂದೆರಡು ನಿಮಿಷ ಸುಮ್ನೆ ಬಿಡಿ. ಪುಟ್ಟ ಕಂಪ್ಯೂಟರ್ ಈಗ ಬೂಟ್ ಆಗುತ್ತಿದೆ. ಈ ಹೊತ್ತಿನಲ್ಲಿ ಪವರ್ ಬಟನ್ ಒತ್ತಿದರೆ ಸರ್ವರ್ ಏಳದೇ ಇರಬಹುದು, ಎದ್ದರೂ ಫ್ಯಾನ್‌ಗಳು ವಿಮಾನದ ಹಾಗೆ ಕಿರುಚಬಹುದು. ಎರಡು ನಿಮಿಷದೊಳಗೆ ಶಾಂತವಾದರೆ ಏನೂ ತೊಂದರೆ ಇಲ್ಲ. ಸೂಪರ್‌ಮೈಕ್ರೋ ಬೋರ್ಡ್‌ಗಳಲ್ಲಿ ಬಿಎಂಸಿಗೇ ಒಂದು ಹಸಿರು ಲೈಟ್ ಇರುತ್ತದೆ. ಅದು ಎದೆಬಡಿತದ ಹಾಗೆ ಒಂದೇ ಲಯದಲ್ಲಿ ಮಿಣುಕುತ್ತಿದ್ದರೆ ಕಾರ್ಡ್ ಎದ್ದಿದೆ ಅಂತಲೇ ಅರ್ಥ.

ಸರ್ವರ್‌ಗೆ ಕಾರ್ಡ್ ಕಾಣುತ್ತಿದೆಯಾ

ನೆಟ್‌ವರ್ಕ್ ಮುಟ್ಟುವ ಮುಂಚೆ ಸರ್ವರ್ ಒಳಗಿನಿಂದಲೇ ಕೇಳಿ. ಬಯಾಸ್‌ನಲ್ಲಿ (ಸರ್ವರ್ ಆನ್ ಆದಾಗ ಮೊದಲು ಓಡುವ ಸಾಫ್ಟ್‌ವೇರ್) ಇದಕ್ಕೊಂದು ಪುಟ ಇರುತ್ತದೆ. ಐಡ್ರ್ಯಾಕ್ 6ಕ್ಕೆ ಬೂಟ್ ಆಗುವಾಗ ಕಂಟ್ರೋಲ್ ಜತೆ ಇ ಒತ್ತಬೇಕು, ಹಳೆಯ ಐಎಲ್‌ಒಗಳಿಗೆ ಎಫ್8. ಅಲ್ಲಿ ಫರ್ಮ್‌ವೇರ್ (ಕಾರ್ಡ್‌ನದೇ ಸಾಫ್ಟ್‌ವೇರ್) ನಂಬರ್ ಮತ್ತು ಮ್ಯಾಕ್ ಅಡ್ರೆಸ್ ಕಂಡರೆ ಕಾರ್ಡ್ ಬದುಕಿದೆ.

ಲಿನಕ್ಸ್ ನಡೆಯುತ್ತಿದ್ದರೆ ಇನ್ನೂ ಸುಲಭ. ಕಾರ್ಡ್ ಜತೆ ಮಾತಾಡುವ ಐಪಿಎಂಐಟೂಲ್ ಅನ್ನುವ ಪ್ರೋಗ್ರಾಂ ಹಾಕಿಕೊಂಡು ಎಂಸಿ ಇನ್ಫೋ ಕಮಾಂಡ್ ಕೊಡಿ. ಫರ್ಮ್‌ವೇರ್ ವಿವರ ಬಂದರೆ ಹಾರ್ಡ್‌ವೇರ್ ಮೇಲಿನ ಅನುಮಾನ ಅಲ್ಲಿಗೇ ಬಿಡಿ. ಡಿವೈಸ್ ತೆರೆಯಲು ಆಗಲಿಲ್ಲ ಅಂತ ಬಂದರೆ ಗಾಬರಿ ಬೇಡ. ಐಪಿಎಂಐ ಎಸ್‌ಐ (ipmi_si), ಐಪಿಎಂಐ ಡೆವ್‌ಇಂಟ್ಎಫ್ (ipmi_devintf) ಅನ್ನುವ ಎರಡು ಕರ್ನೆಲ್ ಮಾಡ್ಯೂಲ್ (ಲಿನಕ್ಸ್‌ಗೆ ಸೇರಿಸುವ ತುಣುಕುಗಳು) ಲೋಡ್ ಆಗಿಲ್ಲದಿದ್ದರೂ ಇದೇ ಉತ್ತರ ಬರುತ್ತದೆ. ಅವೆರಡನ್ನೂ ಲೋಡ್ ಮಾಡಿ ಮತ್ತೆ ಕೇಳಿ. ಇನ್ನೊಂದು ಮಾತು, ಈ ಕಮಾಂಡನ್ನು ವರ್ಚುವಲ್ ಮಷೀನ್ ಒಳಗೆ ಕೂತು ಕೊಟ್ಟರೆ ಪ್ರಯೋಜನ ಇಲ್ಲ. ಅಲ್ಲಿಂದ ನಿಜವಾದ ಕಾರ್ಡ್ ಕಾಣುವುದಿಲ್ಲ.

ಮಾಡ್ಯೂಲ್ ಇದ್ದೂ ಉತ್ತರ ಇಲ್ಲ, ಫ್ಯಾನ್ ಕಿರುಚಾಟ ನಿಲ್ಲುತ್ತಿಲ್ಲ ಅಂದರೆ ಮತ್ತೆ ಕರೆಂಟ್ ಎಳೆದು ಕಾರ್ಡ್ ಬಿಚ್ಚಿ ಕೂರಿಸಿ. ಬಯಾಸ್ ತುಂಬಾ ಹಳೆಯದಾಗಿದ್ದರೆ ಅದನ್ನೂ ಅಪ್‌ಡೇಟ್ ಮಾಡಿ.

ನೆಟ್‌ವರ್ಕ್: ನಾನು ಸಿಕ್ಕಿಬಿದ್ದ ಜಾಗ

ನನ್ನ ಅನುಭವದಲ್ಲಿ ಜಾಸ್ತಿ ಹೊತ್ತು ತಿನ್ನುವುದು ಇದೇ. ಇಂಥ ಕಾರ್ಡ್‌ಗೆ ಹೊರಗೆ ಹೋಗಲು ಎರಡು ದಾರಿ ಇರಬಹುದು. ಒಂದು ತನ್ನದೇ ಪೋರ್ಟ್, ಅಂದರೆ ಡೆಡಿಕೇಟೆಡ್. ಇನ್ನೊಂದು ಸರ್ವರ್‌ನ ಮಾಮೂಲಿ ಲ್ಯಾನ್ 1 ಪೋರ್ಟನ್ನೇ ಹಂಚಿಕೊಳ್ಳುವುದು, ಅದು ಶೇರ್ಡ್. ಸೂಪರ್‌ಮೈಕ್ರೋದಂಥ ಬೋರ್ಡ್‌ಗಳಲ್ಲಿ ಮೂರನೆಯದೂ ಇದೆ: ಫೇಲ್‌ಓವರ್. ಫ್ಯಾಕ್ಟರಿಯಿಂದ ಬರುವಾಗ ಹೆಚ್ಚಾಗಿ ಇದೇ ಇರುತ್ತದೆ. ಕೇಳಲು ಚೆನ್ನಾಗಿದೆ. ಡೆಡಿಕೇಟೆಡ್ ಪೋರ್ಟ್‌ನಲ್ಲಿ ಕೇಬಲ್ ಇದ್ದರೆ ಅದು, ಇಲ್ಲದಿದ್ದರೆ ಲ್ಯಾನ್ 1. ಕೊಕ್ಕೆ ಏನೆಂದರೆ, ಕಾರ್ಡ್ ಇದನ್ನು ನೋಡುವುದು ತಾನು ಬೂಟ್ ಆಗುವಾಗ. ಆಗ ಕೇಬಲ್ ಇಲ್ಲದಿದ್ದರೆ ಲ್ಯಾನ್ 1ಕ್ಕೆ ಹೋಗಿ ಕೂತುಬಿಡುತ್ತದೆ. ಆಮೇಲೆ ಕೇಬಲ್ ಚುಚ್ಚಿದರೂ ವಾಪಸ್ ಬರುವುದಿಲ್ಲ.

ನಾನು ಮಾಡಿದ್ದೂ ಅಷ್ಟೇ. ಪವರ್ ಕೇಬಲ್ ಮೊದಲು ಹಾಕಿದೆ, ನೆಟ್‌ವರ್ಕ್ ಕೇಬಲ್ ಹುಡುಕಿಕೊಂಡು ಬಂದು ಐದು ನಿಮಿಷ ಬಿಟ್ಟು ಚುಚ್ಚಿದೆ. ಪೋರ್ಟ್‌ನಲ್ಲಿ ಹಸಿರು ಲೈಟ್ ಹತ್ತಿತು, ನಾನು ಅದನ್ನೇ ನಂಬಿಕೊಂಡು ಕೂತೆ. ಕಾರ್ಡ್ ಅಷ್ಟು ಹೊತ್ತಿಗೆ ಲ್ಯಾನ್ 1ರ ಮೇಲೆ ಕೂತು, ಬೇರೆ ವಿಲ್ಯಾನ್‌ನಿಂದ (ಸ್ವಿಚ್‌ನಲ್ಲಿ ಬೇರ್ಪಡಿಸಿದ ಇನ್ನೊಂದು ನೆಟ್‌ವರ್ಕ್) ಐಪಿ ಪಡೆದು ಹಾಯಾಗಿತ್ತು. ನಾನು ಸರ್ವರನ್ನು ಆರೇಳು ಸಲ ರೀಸ್ಟಾರ್ಟ್ ಮಾಡಿದೆ. ಅದರಿಂದ ಕಾರ್ಡ್ ರೀಸ್ಟಾರ್ಟ್ ಆಗುವುದಿಲ್ಲ ಅಂತ ಆಗ ಗೊತ್ತಿರಲಿಲ್ಲ. ಕಾರ್ಡ್ ವಾಪಸ್ ಬಂದ ಮೇಲೆ ಒಂದು ದಿನ ನೆಟ್‌ವರ್ಕ್ ಕೇಬಲ್ ಚುಚ್ಚಿಟ್ಟೇ ಪವರ್ ಕೇಬಲ್ ಎಳೆದು, ಒಂದು ನಿಮಿಷ ಬಿಟ್ಟು ಹಾಕಿದೆ. ಪೇಜ್ ಬಂದುಬಿಟ್ಟಿತು.

ಹಾಗಾಗಿ ನೆಟ್‌ವರ್ಕ್ ಕೇಬಲ್ ಮೊದಲು, ಪವರ್ ಆಮೇಲೆ. ಪೇಜ್ ಸಿಕ್ಕ ಕೂಡಲೇ ಫೇಲ್‌ಓವರ್ ತೆಗೆದು ಡೆಡಿಕೇಟೆಡ್ ಅಂತ ಖಾಯಂ ಮಾಡಿ. ಪವರ್ ಎಳೆಯಲು ಆಗದ ಸರ್ವರ್ ಆದರೆ ಐಪಿಎಂಐಟೂಲ್‌ನಲ್ಲಿ ಎಂಸಿ ರೀಸೆಟ್ ಕೋಲ್ಡ್ ಅಂತ ಕೊಡಿ. ಕಾರ್ಡ್ ಮಾತ್ರ ರೀಸ್ಟಾರ್ಟ್ ಆಗುತ್ತದೆ, ಸರ್ವರ್ ತನ್ನ ಪಾಡಿಗೆ ನಡೆಯುತ್ತಿರುತ್ತದೆ.

ಕಾರ್ಡ್‌ನ ಐಪಿ ಏನು ಅಂತ ತಿಳಿಯಲು ಲ್ಯಾನ್ ಪ್ರಿಂಟ್ 1 ಕಮಾಂಡ್ ಇದೆ. ಕೊನೆಯ 1 ಚಾನೆಲ್ ನಂಬರ್. ಎಲ್ಲ ಬೋರ್ಡ್‌ನಲ್ಲೂ ಅದು 1 ಆಗಿರಲ್ಲ. ಇಂಟೆಲ್ ಆರ್‌ಎಂಎಂ ಹಾಕಿದರೆ ಅದರ ಪೋರ್ಟ್ ಚಾನೆಲ್ 3ರಲ್ಲಿ ಸಿಗುತ್ತದೆ. 1ರಲ್ಲಿ ಐಪಿ ಕೊಟ್ಟು, 3ರ ಕೇಬಲ್ ಹಿಡಿದು ಕಾಯುತ್ತಾ ಕೂತವರನ್ನು ನೋಡಿದ್ದೇನೆ. ಸ್ಟಿಕರ್ ಫೋಟೋದಲ್ಲಿರುವ ಮ್ಯಾಕ್ ಯಾವ ಚಾನೆಲ್‌ನಲ್ಲಿ ಬರುತ್ತದೋ ಅದೇ ನಿಮ್ಮದು.

ಶೇರ್ಡ್ ಪೋರ್ಟ್ ಬಳಸುವವರಿಗೆ ಎರಡು ವಿಚಿತ್ರ ಕಾದಿರುತ್ತವೆ. ಒಂದು, ಅದೇ ಸರ್ವರ್‌ನಲ್ಲಿ ಕೂತು ಅದರದೇ ಕಾರ್ಡ್‌ಗೆ ಪಿಂಗ್ (ಇದ್ದೀಯಾ ಅಂತ ಕೇಳುವ ಕಮಾಂಡ್) ಮಾಡಿದರೆ ಹೆಚ್ಚಾಗಿ ಉತ್ತರ ಬರುವುದಿಲ್ಲ. ಒಂದೇ ಪೋರ್ಟ್‌ನಿಂದ ಹೊರಟ ಪ್ಯಾಕೆಟ್ ಹೊರಗೆ ಸ್ವಿಚ್‌ಗೆ ಹೋಗುತ್ತದೆ, ಬಂದ ದಾರಿಯಲ್ಲೇ ಸ್ವಿಚ್ ಅದನ್ನು ತಿರುಗಿಸಿ ಕಳಿಸುವುದಿಲ್ಲ. ಪಕ್ಕದ ಕಂಪ್ಯೂಟರ್‌ನಿಂದ ಪಿಂಗ್ ಮಾಡಿ ನೋಡಿ. ಎರಡು, ಸರ್ವರ್ ಆನ್ ಇದ್ದಾಗ ಪೇಜ್ ಬರುತ್ತದೆ, ಆಫ್ ಮಾಡಿದ ಕೂಡಲೇ ಹೋಗುತ್ತದೆ. ಇದು ತಲೆ ಕೆಡಿಸುವ ದೋಷ, ಕಾರಣ ಮಾತ್ರ ಸಣ್ಣದು. ಸರ್ವರ್ ಆಫ್ ಆದಾಗ ಪೋರ್ಟ್ ಕರೆಂಟ್ ಉಳಿಸಲು 100 ಅಥವಾ 10 ಎಂಬಿಪಿಎಸ್‌ಗೆ ಇಳಿಯಬಹುದು. ಸ್ವಿಚ್‌ನಲ್ಲಿ ಯಾರೋ ಆ ಪೋರ್ಟನ್ನು 1 ಗಿಗಾಬಿಟ್‌ಗೆ ಕಟ್ಟಿಹಾಕಿದ್ದರೆ ಲಿಂಕ್ ಅಲ್ಲೇ ಬೀಳುತ್ತದೆ. ಸ್ವಿಚ್ ಪೋರ್ಟನ್ನು ಆಟೋಗೆ ಹಾಕಿ. ಐಡ್ರ್ಯಾಕ್ 6ರ ಡೆಡಿಕೇಟೆಡ್ ಪೋರ್ಟ್ ಮೂಲತಃ 10/100ರದ್ದೇ. ಅದಕ್ಕೂ ಇದೇ ಮಾತು.

ಯಾವುದೂ ಸರಿಹೋಗದಿದ್ದರೆ ಸ್ವಿಚ್, ವಿಲ್ಯಾನ್, ಡಿಎಚ್‌ಸಿಪಿ (ಐಪಿಯನ್ನು ತಾನಾಗೇ ಹಂಚುವ ವ್ಯವಸ್ಥೆ) ಎಲ್ಲವನ್ನೂ ಪಕ್ಕಕ್ಕಿಡಿ. ಲ್ಯಾಪ್‌ಟಾಪನ್ನು ನೇರ ಕಾರ್ಡ್‌ನ ಪೋರ್ಟ್‌ಗೆ ಕೇಬಲ್ ಹಾಕಿ ಜೋಡಿಸಿ. ಹಳೆಯ ಐಡ್ರ್ಯಾಕ್‌ಗಳ ಫ್ಯಾಕ್ಟರಿ ಅಡ್ರೆಸ್ 192.168.0.120. ಲ್ಯಾಪ್‌ಟಾಪ್‌ಗೆ 192.168.0.10, ಮಾಸ್ಕ್ 255.255.255.0 ಕೊಟ್ಟು ಪಿಂಗ್ ಮಾಡಿ. ವೈಫೈ ಆಫ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಪಿಂಗ್ ಆ ಕಡೆಯಿಂದ ಓಡಿಹೋಗುತ್ತದೆ. ಇಲ್ಲಿ ಉತ್ತರ ಬಂದರೆ ಕಾರ್ಡ್ ಸರಿ ಇದೆ, ದೋಷ ಸ್ವಿಚ್ ಕಡೆಯದ್ದು. ಅಂದಹಾಗೆ, ಒಂದೇ ದಿನ ಇಂಥ ಎರಡು ಸರ್ವರ್ ಒಂದೇ ಸ್ವಿಚ್‌ಗೆ ಹಾಕಿದರೆ ಎರಡಕ್ಕೂ ಅದೇ 120 ಇದ್ದು ಒಂದಕ್ಕೊಂದು ಕಿತ್ತಾಡುತ್ತವೆ. ಪೇಜ್ ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಲಾಗಿನ್ ಆಗದಿದ್ದರೆ

ಹಳೆಯ ಡೆಲ್‌ಗೆ ಫ್ಯಾಕ್ಟರಿ ಯೂಸರ್ ರೂಟ್, ಪಾಸ್‌ವರ್ಡ್ ಕ್ಯಾಲ್ವಿನ್. ಹಳೆಯ ಸೂಪರ್‌ಮೈಕ್ರೋಗೆ ಯೂಸರ್, ಪಾಸ್‌ವರ್ಡ್ ಎರಡೂ ಅಡ್ಮಿನ್, ಎಲ್ಲ ದೊಡ್ಡಕ್ಷರದಲ್ಲಿ. 2020ರಿಂದ ಈಚಿನ ಸೂಪರ್‌ಮೈಕ್ರೋ ಬೋರ್ಡ್‌ಗಳಿಗೆ ಒಂದೊಂದಕ್ಕೂ ಬೇರೆ ಪಾಸ್‌ವರ್ಡ್, ಸ್ಟಿಕರ್ ಮೇಲೆ ಅಚ್ಚಾಗಿರುತ್ತದೆ. ಎಚ್‌ಪಿಯವರದ್ದು ಮೊದಲಿನಿಂದಲೂ ಟ್ಯಾಗ್ ಮೇಲೆ.

ಸೆಕೆಂಡ್‌ಹ್ಯಾಂಡ್ ಕಾರ್ಡ್ ಆದರೆ ಇದ್ಯಾವುದೂ ನಡೆಯದೇ ಇರಬಹುದು. ಹಿಂದಿನ ಮಾಲೀಕ ಇಟ್ಟ ಪಾಸ್‌ವರ್ಡ್, ಅವನ ಸ್ಟ್ಯಾಟಿಕ್ ಐಪಿ ಎಲ್ಲ ಕಾರ್ಡ್ ಒಳಗೇ ಉಳಿದಿರುತ್ತವೆ. ಊಹೆ ಮಾಡುತ್ತಾ ಕೂರಬೇಡಿ. ನಾಲ್ಕೈದು ಸಲ ತಪ್ಪು ಹೊಡೆದರೆ ಕೆಲವು ಕಾರ್ಡ್‌ಗಳು ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಳ್ಳುತ್ತವೆ. ಆಮೇಲೆ ಸರಿಯಾದದ್ದು ಹೊಡೆದರೂ ತಪ್ಪು ಅನ್ನುತ್ತವೆ. ಸರ್ವರ್ ಒಳಗಿನಿಂದ ಐಪಿಎಂಐಟೂಲ್‌ನಲ್ಲಿ ಯೂಸರ್ ಲಿಸ್ಟ್ ನೋಡಿ. ಡೆಲ್‌ನಲ್ಲೂ ಸೂಪರ್‌ಮೈಕ್ರೋದಲ್ಲೂ ಮುಖ್ಯ ಯೂಸರ್‌ನ ನಂಬರ್ 2. ಅದಕ್ಕೆ ಯೂಸರ್ ಸೆಟ್ ಪಾಸ್‌ವರ್ಡ್ ಕಮಾಂಡ್‌ನಿಂದ ಹೊಸದು ಕೊಡಿ. ಹಳೆಯದನ್ನು ಅದು ಕೇಳುವುದೇ ಇಲ್ಲ, ಸರ್ವರ್‌ನಲ್ಲಿ ರೂಟ್ (ಪೂರ್ತಿ ಅಧಿಕಾರದ ಯೂಸರ್) ಆಗಿದ್ದರೆ ಸಾಕು.

ಹೊಸದು ಉದ್ದ ಇರಲಿ, ಆದರೆ ಮಿತಿ ಗೊತ್ತಿರಲಿ. ಐಪಿಎಂಐ 1.5ರಲ್ಲಿ ಪಾಸ್‌ವರ್ಡ್ 16 ಅಕ್ಷರಕ್ಕೆ ನಿಲ್ಲುತ್ತದೆ, 2.0ರಲ್ಲಿ 20ಕ್ಕೆ. ಪಾಸ್‌ವರ್ಡ್ ಮ್ಯಾನೇಜರ್‌ನಿಂದ 32 ಅಕ್ಷರ ಅಂಟಿಸಿ ಒಪ್ಪಿಕೊಂಡಿತು ಅಂತ ಖುಷಿಪಟ್ಟು, ಮರುದಿನ ಒಳಗೆ ಹೋಗಲಾರದೆ ನಿಂತವರಲ್ಲಿ ನಾನೂ ಒಬ್ಬ.

ಲಾಗಿನ್ ಆಯ್ತು ಅಂತ ರೌಟರ್‌ನಲ್ಲಿ ಪೋರ್ಟ್ ತೆರೆದು ಇದನ್ನು ನೇರ ಇಂಟರ್ನೆಟ್‌ಗೆ ಬಿಡಬೇಡಿ. ಐಪಿಎಂಐ 2.0ರ ಲಾಗಿನ್ ವಿಧಾನದಲ್ಲೇ ಒಂದು ತೂತಿದೆ: ಯೂಸರ್ ಹೆಸರು ಗೊತ್ತಿದ್ದವನು ಯುಡಿಪಿ 623ನೇ ಪೋರ್ಟ್‌ನಲ್ಲಿ ಕೇಳಿದರೆ ಕಾರ್ಡ್ ಪಾಸ್‌ವರ್ಡ್‌ನ ಹ್ಯಾಶನ್ನು (ಗುಟ್ಟಾಗಿಸಿದ ರೂಪ) ತಾನೇ ಕಳಿಸಿಬಿಡುತ್ತದೆ. ಅದನ್ನಿಟ್ಟುಕೊಂಡು ಅವನು ಮನೆಯಲ್ಲಿ ಕೂತು ಪಾಸ್‌ವರ್ಡ್ ಒಡೆಯಬಹುದು. ಬೇರೆ ವಿಲ್ಯಾನ್‌ನಲ್ಲಿಡಿ, ಹೊರಗಿನಿಂದ ಬೇಕಿದ್ದರೆ ವಿಪಿಎನ್ ಮೂಲಕ ಬನ್ನಿ.

ಪೇಜ್ ಇದೆ, ಸ್ಕ್ರೀನ್ ಇಲ್ಲ

ಪಿಂಗ್ ಬರುತ್ತದೆ ಆದರೆ ಬ್ರೌಸರ್ ಸುರಕ್ಷಿತ ಸಂಪರ್ಕ ಆಗಲಿಲ್ಲ ಅಂತ ಹಟ ಹಿಡಿದರೆ, ಅದು ಸರ್ಟಿಫಿಕೇಟ್ ಎಚ್ಚರಿಕೆಯಾ ಅಥವಾ ಪೂರ್ತಿ ನಿರಾಕರಣೆಯಾ ಗಮನಿಸಿ. ಎಚ್ಚರಿಕೆ ಆದರೆ ದಾಟಿ ಹೋಗಬಹುದು. ಹಳೆಯ ಕಾರ್ಡ್‌ಗಳು ಟಿಎಲ್‌ಎಸ್ 1.0 ಅನ್ನುವ ಹಳೆಯ ಸುರಕ್ಷತಾ ವಿಧಾನದಲ್ಲೇ ಮಾತಾಡುತ್ತವೆ, 2020ರಲ್ಲಿ ಬ್ರೌಸರ್‌ಗಳು ಅದನ್ನು ಬಿಟ್ಟವು. ಕಾರ್ಡ್‌ನ ಫರ್ಮ್‌ವೇರನ್ನು ಅದರ ಕೊನೆಯ ಆವೃತ್ತಿಗೆ ಏರಿಸಿ ನೋಡಿ. ಆಗಲೂ ಬರದಿದ್ದರೆ ಈ ಕೆಲಸಕ್ಕೆಂದೇ ಒಂದು ಹಳೆಯ ಬ್ರೌಸರನ್ನು ವರ್ಚುವಲ್ ಮಷೀನ್‌ನಲ್ಲಿ ಇಟ್ಟುಕೊಳ್ಳುವುದೇ ವಾಸಿ. ನಿಮ್ಮ ದಿನನಿತ್ಯದ ಬ್ರೌಸರ್‌ನ ಭದ್ರತೆ ಸಡಿಲಿಸಬೇಡಿ.

ರಿಮೋಟ್ ಸ್ಕ್ರೀನ್ ಜಾವಾ ಕೇಳುವ ಕಾಲದ್ದಾದರೆ ಜಾವಾ 8 ಬೇಕು. ಆ ಸ್ಕ್ರೀನ್ ತೆರೆಯುವ ಜಾವಾ ವೆಬ್ ಸ್ಟಾರ್ಟನ್ನು ಜಾವಾ 11ರಲ್ಲಿ ತೆಗೆದುಹಾಕಿದ್ದಾರೆ. 2021ರ ಏಪ್ರಿಲ್‌ನ ಅಪ್‌ಡೇಟ್‌ನಿಂದ ಜಾವಾ 8 ಕೂಡ ಟಿಎಲ್‌ಎಸ್ 1.0 ಒಪ್ಪುವುದಿಲ್ಲ. ಹಾಗಾಗಿ ಆ ವರ್ಚುವಲ್ ಮಷೀನ್‌ನಲ್ಲಿ ಅದಕ್ಕಿಂತ ಹಿಂದಿನ ಜಾವಾ ಇರಲಿ, ಕಾರ್ಡ್‌ನ ಅಡ್ರೆಸನ್ನು ಜಾವಾದ ವಿನಾಯಿತಿ ಪಟ್ಟಿಗೆ ಸೇರಿಸಿ. ಕಿಟಕಿ ತೆರೆದು ಅಲ್ಲೇ ನಿಂತರೆ ಮಧ್ಯದ ಫೈರ್‌ವಾಲ್ ನೋಡಿ. ಪೇಜ್ 443ನೇ ಪೋರ್ಟ್‌ನಲ್ಲಿ ಬರುತ್ತದೆ, ಐಡ್ರ್ಯಾಕ್‌ನ ಸ್ಕ್ರೀನ್‌ಗೆ 5900 ಕೂಡ ತೆರೆದಿರಬೇಕು.

ಎಲ್ಲ ತೆರೆದು ಕಿಟಕಿ ಪೂರ್ತಿ ಕಪ್ಪು ಅಂದರೆ, ಸರ್ವರ್‌ನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆಯಾ ನೋಡಿ. ರಿಮೋಟ್ ಸ್ಕ್ರೀನ್ ತೋರಿಸುವುದು ಬೋರ್ಡ್‌ನದೇ ಸಣ್ಣ ವಿಡಿಯೋ ಚಿಪ್‌ನ ಚಿತ್ರವನ್ನು ಮಾತ್ರ. ಹೊಸ ಗ್ರಾಫಿಕ್ಸ್ ಕಾರ್ಡ್ ಬಂದಾಗ ಬಯಾಸ್ ಆ ಚಿಪ್ಪನ್ನು ಮಲಗಿಸಿರುತ್ತದೆ. ಬಯಾಸ್‌ನಲ್ಲಿ ಮೊದಲ ಡಿಸ್‌ಪ್ಲೇ ಆನ್‌ಬೋರ್ಡ್ ಅಂತ ಬದಲಿಸಿದರೆ ಚಿತ್ರ ಬರುತ್ತದೆ.

ಕಾರ್ಡ್ ನಿಜವಾಗಿ ಹೋಗಿದೆ ಅನ್ನಬೇಕಾದರೆ

ನಾಲ್ಕೂ ಒಟ್ಟಿಗೆ ಸೇರಬೇಕು. ಬಿಚ್ಚಿ ಕೂರಿಸಿದ ಮೇಲೂ ಬಯಾಸ್‌ಗೆ ಕಾಣುವುದಿಲ್ಲ. ಮಾಡ್ಯೂಲ್ ಲೋಡ್ ಆಗಿದ್ದೂ ಐಪಿಎಂಐಟೂಲ್‌ಗೆ ಉತ್ತರ ಇಲ್ಲ. ಲ್ಯಾಪ್‌ಟಾಪ್ ನೇರ ಜೋಡಿಸಿದರೂ ಲಿಂಕ್ ಲೈಟ್ ಹತ್ತುವುದಿಲ್ಲ. ಅದೇ ಮಾಡೆಲ್‌ನ ಇನ್ನೊಂದು ಸರ್ವರ್‌ಗೆ ಹಾಕಿದರೂ ಇದೇ ಕತೆ. ಕೊನೆಯದನ್ನು ಬಿಡಬೇಡಿ, ಎಷ್ಟೋ ಸಲ ಬಾಗಿದ ಪಿನ್ ಇರುವುದು ಮದರ್‌ಬೋರ್ಡ್ ಕಡೆಯ ಕನೆಕ್ಟರ್‌ನಲ್ಲಿ, ಕಾರ್ಡ್‌ನಲ್ಲಲ್ಲ. ಹಾಗಾಗಿದ್ದರೆ ಹೊಸ ಕಾರ್ಡ್ ತರಿಸಿದರೂ ಅದೂ ಡೆಡ್ ಅಂತಲೇ ಕಾಣುತ್ತದೆ.